ಹೇಳಬಾರದ ಮಾತನ್ನು ಹೇಳಲು ಕಲಿಸಿದ ತಾಲ್ಲೂಕುಗಳು

ಪಾರ್ಶ್ವವಾಯು ಬಡಿದವರಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ, ಹುಟ್ಟಿನಿಂದಲೇ ಕೈಕಾಲಿನ ಸ್ವಾಧೀನ ಕಡಿಮೆಯಿರುವವರಿಗೆ ದಿನನಿತ್ಯದ ಬದುಕನ್ನು ತಾವೇ ನಡೆಸಿಕೊಳ್ಳುವುದನ್ನು ಕಲಿಸುವ ವಿದ್ಯೆ ಆಕ್ಯುಪೇಷನಲ್ ಥೆರಪಿ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ರೊಟ್ಟಿ ಬಡಿಯುವುದು, ಮೈ ತೊಳೆದುಕೊಳ್ಳುವುದು, ಮತ್ತೆ ಮಗ್ಗದ ಮುಂದೆ ಕೂತು ಲಾಳಿ ಓಡಿಸುವುದು ಇವೆಲ್ಲ ಆ ವಿದ್ಯೆಯ ಪಾಠಗಳು. ಆದರೆ ಮನುಷ್ಯನ ದಿನ ಅಷ್ಟಕ್ಕೇ ಮುಗಿಯುವುದಿಲ್ಲ. ಗಂಡ ಹೆಂಡಿರ ಸಂಗ, ಮುಟ್ಟುವ ಮತ್ತು ಮುಟ್ಟಿಸಿಕೊಳ್ಳುವ ಆಸೆ, ಮದುವೆಯ ಕನಸು, ತನ್ನ ದೇಹ ಇನ್ನೂ ಯಾರಿಗಾದರೂ ಬೇಕೆನಿಸೀತೇ ಎಂಬ ಅಂಜಿಕೆ, ಇವೂ ಅದೇ ದಿನದೊಳಗೆ ಇರುತ್ತವೆ. ಈ ಭಾಗಕ್ಕೆ ಬಂದಾಗ ಕಲಿಸುವವರೂ ಕಲಿಯುವವರೂ ತಡವರಿಸುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಕೊಡುವ ಸಮರ್ಥನೆ ಒಂದೇ: ದೊಡ್ಡ ಊರಿನಲ್ಲಿ ಆದೀತು, ನಮ್ಮ ಹಳ್ಳಿಯ ಜನ ಇಂಥ ಮಾತನ್ನು ಸಹಿಸುವುದಿಲ್ಲ. ಈ ಸಮರ್ಥನೆಯನ್ನು ಒಂದು ನಿರ್ದಿಷ್ಟ ಪ್ರದೇಶದ ಇತಿಹಾಸದ ಎದುರು ಇಟ್ಟು ನೋಡಬೇಕು. ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳು ಕಳೆದ ಕಾಲು ಶತಮಾನದಲ್ಲಿ ಅನುಭವಿಸಿದ್ದನ್ನು ಗಮನಿಸಿದರೆ, ಸಹಿಸದವರು ಜನರಲ್ಲ, ಸಿದ್ಧರಾಗದವರು ನಾವು ಎಂಬುದು ಸ್ಪಷ್ಟವಾಗುತ್ತದೆ. ಇಲ್ಲಿನ ಜನ ಮಾತಾಡಿದರು, ಮಾತಾಡುವುದನ್ನು ಒಂದು ಕಸುಬಾಗಿ ಕಲಿತರು, ಬೇರೆಯವರಿಗೂ ಕಲಿಸಿದರು. ಆ ಕಲಿಕೆ ರೋಗದ ಹೆಸರಿನಲ್ಲಿ ಹುಟ್ಟಿ ರೋಗದ ಬೇಲಿಯೊಳಗೇ ಉಳಿದುಹೋಯಿತು ಎಂಬುದೊಂದೇ ಕೊರತೆ.

ಆಕ್ಯುಪೇಷನಲ್ ಥೆರಪಿ ಭಾರತಕ್ಕೆ ಹೊಸದಲ್ಲ. ಅಮೆರಿಕದಲ್ಲಿ ಹುಟ್ಟಿ ಭಾರತವನ್ನೇ ಮನೆ ಮಾಡಿಕೊಂಡ ಕಮಲಾ ನಿಂಬಕರ್ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಸಂಘ ಕಟ್ಟಲಾಯಿತು. ಅದೇ ವರ್ಷ ಹುಟ್ಟಿದ ವಿಶ್ವ ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು. ಲೈಂಗಿಕ ಬದುಕಿನ ಬಗ್ಗೆ ಆರೋಗ್ಯ ವೃತ್ತಿಯವರಿಗೆ ತರಬೇತಿ ಬೇಕು ಎಂಬ ಮಾತೂ ಹಳೆಯದೇ. ವಿಶ್ವ ಆರೋಗ್ಯ ಸಂಸ್ಥೆ 1975ರಲ್ಲಿ ಇದೇ ವಿಷಯಕ್ಕೆ ಒಂದು ತಾಂತ್ರಿಕ ವರದಿ ಪ್ರಕಟಿಸಿತು. ಅದರ ಮರುವರ್ಷ ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಆನನ್ ನಾಲ್ಕು ಹಂತಗಳ ಒಂದು ಕ್ರಮವನ್ನು ವಿವರಿಸಿದರು. ಮೊದಲು, ಈ ವಿಷಯವನ್ನು ಇಲ್ಲಿ ಮಾತಾಡಬಹುದು ಎಂಬ ಒಪ್ಪಿಗೆಯನ್ನು ಎದುರಿನವರಿಗೆ ಕೊಡುವುದು. ಆಮೇಲೆ ಅವರಿಗೆ ಬೇಕಾದಷ್ಟು ಮಾಹಿತಿ. ಆಮೇಲೆ ಅವರ ದೇಹಕ್ಕೂ ಸನ್ನಿವೇಶಕ್ಕೂ ಒಪ್ಪುವ ಸಲಹೆ. ಕೊನೆಗೆ, ಅಗತ್ಯವಿದ್ದವರನ್ನು ತಜ್ಞರ ಬಳಿ ಕಳಿಸುವುದು. ಎಲ್ಲರೂ ಎಲ್ಲ ಹಂತ ಏರಬೇಕಿಲ್ಲ, ಮೊದಲ ಹಂತವನ್ನು ಮಾತ್ರ ಯಾರೂ ತಪ್ಪಿಸಬಾರದು ಎಂಬುದು ಅದರ ತಿರುಳು. ಅಮೆರಿಕದ ಆಕ್ಯುಪೇಷನಲ್ ಥೆರಪಿ ಸಂಘ 2002ರಲ್ಲಿ ಹೊರತಂದ ತನ್ನ ವೃತ್ತಿಯ ಚೌಕಟ್ಟಿನಲ್ಲಿ ಸ್ನಾನ, ಊಟ, ಉಡುಪುಗಳ ಸಾಲಿನಲ್ಲೇ ಲೈಂಗಿಕ ಚಟುವಟಿಕೆಯನ್ನೂ ದಿನನಿತ್ಯದ ಕೆಲಸವೆಂದು ಸೇರಿಸಿತು. ಕಾಗದದ ಮೇಲೆ ಇಷ್ಟೆಲ್ಲ ಇದೆ. ನಮ್ಮ ನೆಲದಲ್ಲಿ ಇದು ನಡೆದೀತೇ ಎಂಬ ಪ್ರಶ್ನೆಗೆ ಉತ್ತರವನ್ನು ಈ ನೆಲದಲ್ಲೇ ಹುಡುಕಬೇಕು.

ಈ ನಾಲ್ಕು ತಾಲ್ಲೂಕುಗಳು ಇಂದು ಬಾಗಲಕೋಟೆ ಜಿಲ್ಲೆಯಲ್ಲಿವೆ. ಸ್ವಾತಂತ್ರ್ಯಕ್ಕೆ ಮೊದಲು ಅವುಗಳ ಒಡೆತನ ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ, ರಬಕವಿ ಸಾಂಗಲಿ ಸಂಸ್ಥಾನದ ಊರು, ಬೀಳಗಿ ಬ್ರಿಟಿಷರ ಮುಂಬಯಿ ಪ್ರಾಂತ್ಯದ ವಿಜಯಪುರ ಜಿಲ್ಲೆಯ ಭಾಗ. ಈ ಹಂಚಿಕೆಗೆ ನಮ್ಮ ವಿಷಯದೊಂದಿಗೆ ನೇರ ಸಂಬಂಧವಿದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಅಪರಾಧವಾಗಿಸಿದ ಮುಂಬಯಿ ದೇವದಾಸಿ ರಕ್ಷಣಾ ಕಾಯ್ದೆ 1934ರಲ್ಲಿ ಬಂದಾಗ ಅದು ಬ್ರಿಟಿಷ್ ಮುಂಬಯಿಯ ಕಾಯ್ದೆಯಾಗಿತ್ತು. ಬೀಳಗಿಗೆ ಅನ್ವಯಿಸುತ್ತಿತ್ತು, ಪಕ್ಕದ ಮುಧೋಳ, ಜಮಖಂಡಿ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೇ ಭಾಷೆ, ಒಂದೇ ದೇವಿ, ಒಂದೇ ಜಾತ್ರೆ. ನಡುವೆ ಕಾನೂನಿನ ಗೆರೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ರಾಜ್ಯದೊಳಗೆ ವಿಲೀನವಾದವು, 1956ರಲ್ಲಿ ಈ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತು. ಪದ್ಧತಿ ನಿಲ್ಲಲಿಲ್ಲ. ಕರ್ನಾಟಕ ತನ್ನದೇ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನು 1982ರಲ್ಲಿ ರೂಪಿಸಿ 1984ರಿಂದ ಜಾರಿಗೆ ತಂದಿತು. ಅದಾದ ಹತ್ತು ವರ್ಷಗಳ ಮೇಲೆ, 1993-94ರ ಸರ್ಕಾರಿ ಸಮೀಕ್ಷೆಯಲ್ಲಿ ಗುರುತಿಸಲಾದ ದೇವದಾಸಿಯರು 22,873. 2007-08ರ ಎರಡನೇ ಸಮೀಕ್ಷೆಯ ಬಳಿಕ ಒಟ್ಟು 46,660. ಉತ್ತರ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಈ ಪಟ್ಟಿಯಲ್ಲಿವೆ. ಕಾನೂನು ಪದ್ಧತಿಯನ್ನು ಮರೆಗೆ ತಳ್ಳಿತು. ಅದರೊಳಗೆ ಬದುಕುತ್ತಿದ್ದ ಹೆಣ್ಣಿನ ದೇಹದ ಬಗ್ಗೆ ಅವಳೊಂದಿಗೆ ಮಾತಾಡುವ ವ್ಯವಸ್ಥೆಯನ್ನೇನೂ ಕಟ್ಟಲಿಲ್ಲ.

ಹೀಗೆ ದೇವರಿಗೆ ಬಿಡುವುದಕ್ಕೆ, ಅಂದರೆ ಮುತ್ತು ಕಟ್ಟುವುದಕ್ಕೆ, ಮನೆಯವರು ಕೊಡುತ್ತಿದ್ದ ಕಾರಣಗಳನ್ನು ಇಲ್ಲಿ ಗಮನಿಸಬೇಕು. ಗಂಡುಮಗುವಿಲ್ಲದ ಮನೆಗೆ ದುಡಿಯುವ ಕೈ ಬೇಕೆಂಬುದು ಒಂದು. ತಲೆಯಲ್ಲಿ ಜಡೆಗಟ್ಟಿದರೆ ದೇವಿಯ ಕರೆ ಬಂದಿದೆ ಎಂಬ ನಂಬಿಕೆ ಇನ್ನೊಂದು. ಮಗುವಿಗೆ ವಾಸಿಯಾಗದ ಚರ್ಮರೋಗ, ಕುರುಡು, ಕುಂಟು, ಬುದ್ಧಿಮಾಂದ್ಯ ಇದ್ದರೆ ಎಲ್ಲಮ್ಮನ ಹೆಸರಿಗೆ ಬಿಡುವುದು ಮತ್ತೊಂದು. ಅಂಗವೈಕಲ್ಯವಿರುವ ಹೆಣ್ಣುಮಕ್ಕಳು ಈ ಪದ್ಧತಿಗೆ ಸುಲಭವಾಗಿ ಬಲಿಯಾದುದನ್ನು ಇತ್ತೀಚಿನ ಅಧ್ಯಯನಗಳೂ ದಾಖಲಿಸಿವೆ. ಇವಳನ್ನು ಯಾರು ಮದುವೆಯಾಗುತ್ತಾರೆ ಎಂಬ ಪ್ರಶ್ನೆಗೆ ಸಮಾಜ ಕಂಡುಕೊಂಡ ಉತ್ತರ ಅದು. ಊನವಿದ್ದ ದೇಹಕ್ಕೆ ಆಸೆಯಿದೆಯೇ, ಇಷ್ಟವಿದೆಯೇ, ಬೇಡ ಎನ್ನುವ ಹಕ್ಕಿದೆಯೇ ಎಂದು ಕೇಳಲೇ ಇಲ್ಲ. ಆ ದೇಹವನ್ನು ಬೇರೆಯವರ ಬಳಕೆಗೆ ಒಪ್ಪಿಸಿಬಿಟ್ಟಿತು. ಆದ್ದರಿಂದ ಅಂಗವಿಕಲರ ಲೈಂಗಿಕ ಬದುಕು ಎಂಬ ವಿಷಯ ಈ ಪ್ರದೇಶಕ್ಕೆ ಹೊರಗಿನಿಂದ ಬಂದ ಚರ್ಚೆಯಲ್ಲ. ಇಲ್ಲಿ ಅದರ ಬಗ್ಗೆ ತೀರ್ಮಾನ ಯಾವತ್ತೂ ಆಗುತ್ತಲೇ ಇತ್ತು. ಆ ತೀರ್ಮಾನ ಯಾರಿಗೆ ಸಂಬಂಧಿಸಿತ್ತೋ ಅವರ ಬಾಯಿ ಮಾತ್ರ ಮುಚ್ಚಿತ್ತು. ಸುಮ್ಮನಿರುವುದೇ ಮರ್ಯಾದೆ ಎನ್ನುವವರು ಈ ಮೌನದ ಅಡಿಯಲ್ಲಿ ಏನೇನು ನಡೆಯಿತು ಎಂಬುದಕ್ಕೂ ಲೆಕ್ಕ ಕೊಡಬೇಕಾಗುತ್ತದೆ.

ಮೌನ ಒಡೆದದ್ದು ಎಚ್‌ಐವಿಯಿಂದ. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ತೊಂಬತ್ತರ ದಶಕದ ಕೊನೆಗೆ ಬಾಗಲಕೋಟೆ ಜಿಲ್ಲೆ ಕರ್ನಾಟಕದಲ್ಲೇ ಹೆಚ್ಚು ಬಾಧೆಗೊಳಗಾದ ಜಿಲ್ಲೆಗಳಲ್ಲಿ ಒಂದಾಗಿತ್ತು. 2001ರಲ್ಲಿ ಆರಂಭವಾದ ಭಾರತ-ಕೆನಡಾ ಸಹಯೋಗದ ಎಚ್‌ಐವಿ ಯೋಜನೆ ಈ ಜಿಲ್ಲೆಯನ್ನೇ ತನ್ನ ಪ್ರಯೋಗದ ಕ್ಷೇತ್ರವಾಗಿ ಆರಿಸಿಕೊಂಡಿತು. 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸ್ಥಾಪನೆಯಾಯಿತು. ಅದೇ ವರ್ಷ ಗೇಟ್ಸ್ ಪ್ರತಿಷ್ಠಾನದ ಆವಾಹನ್ ಕಾರ್ಯಕ್ರಮ ಹೆಚ್ಚು ಸೋಂಕಿನ ರಾಜ್ಯಗಳಲ್ಲಿ ಶುರುವಾಯಿತು. ಜಿಲ್ಲೆಯ ಹಳ್ಳಿ ಮತ್ತು ಪಟ್ಟಣಗಳ ಸಾಮಾನ್ಯ ವಯಸ್ಕರಲ್ಲಿ ನಡೆದು 2007ರಲ್ಲಿ ಪ್ರಕಟವಾದ ಸಮೀಕ್ಷೆ ನೂರಕ್ಕೆ ಸುಮಾರು 3 ಜನರಲ್ಲಿ ಸೋಂಕು ಕಂಡಿತು. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು ಎಂಬುದು ಅದರ ಆಘಾತಕಾರಿ ಭಾಗ. ಏಡ್ಸ್ ಎಂದರೆ ಮಹಾನಗರದ ಕೆಂಪುದೀಪದ ಬೀದಿಯ ರೋಗ ಎಂದುಕೊಂಡಿದ್ದ ಲೆಕ್ಕವೇ ಇಲ್ಲಿ ತಲೆಕೆಳಗಾಯಿತು. ಕರ್ನಾಟಕದ 1,588 ಲೈಂಗಿಕ ಕಾರ್ಯಕರ್ತೆಯರನ್ನು ಮಾತಾಡಿಸಿದ ಇನ್ನೊಂದು ಅಧ್ಯಯನದಲ್ಲಿ 414 ಮಂದಿ ದೇವದಾಸಿ ಪದ್ಧತಿಯ ಮೂಲಕ ಈ ಕೆಲಸಕ್ಕೆ ಬಂದವರಾಗಿದ್ದರು. ಅವರಲ್ಲಿ ಹೆಚ್ಚಿನವರು ತಮ್ಮ ಮನೆಯಲ್ಲೇ ಈ ಕೆಲಸ ಮಾಡುತ್ತಿದ್ದವರು; ಹಳ್ಳಿಯಲ್ಲಿದ್ದವರ ಪ್ರಮಾಣವೂ ಉಳಿದ ಕಾರ್ಯಕರ್ತೆಯರಿಗಿಂತ ಹೆಚ್ಚು. ಅಂಥ ಮನೆಗೆ ಆರೋಗ್ಯದ ಮಾತನ್ನು ಒಯ್ಯಬೇಕಾದರೆ ಬಿಳಿ ಕೋಟು ಸಾಲುತ್ತಿರಲಿಲ್ಲ.

ಆಗ ಆದ ಕೆಲಸವೇ ನನ್ನ ವಾದದ ಮುಖ್ಯ ಆಧಾರ. ಅದೇ ಸಮುದಾಯದ ಹೆಂಗಸರನ್ನು, ತಮ್ಮಂಥವರಿಗೆ ತಾವೇ ತಿಳಿಹೇಳುವ ಪೀರ್ ಎಜುಕೇಟರ್‌ಗಳಾಗಿ ತಯಾರು ಮಾಡಲಾಯಿತು. ಅವರಲ್ಲಿ ಅನೇಕರಿಗೆ ಓದು ಬರಹ ಬರುತ್ತಿರಲಿಲ್ಲ. ಆದ್ದರಿಂದ ಲೆಕ್ಕದ ಪುಸ್ತಕಗಳು ಚಿತ್ರಗಳಲ್ಲಿದ್ದವು. ಯಾವ ಓಣಿಯಲ್ಲಿ ಯಾರಿದ್ದಾರೆ, ಯಾರನ್ನು ಈ ವಾರ ಕಾಣಬೇಕು, ಯಾರಿಗೆ ಎಷ್ಟು ಕಾಂಡೋಮ್ ಬೇಕು, ಯಾರು ತಪಾಸಣೆಗೆ ಹೋಗಿಲ್ಲ ಎಂಬುದನ್ನೆಲ್ಲ ಅವರೇ ನಕ್ಷೆ ಬರೆದು ಗುರುತಿಸುತ್ತಿದ್ದರು. ಕಟ್ಟಿಗೆಯ ಮಾದರಿ ಇಟ್ಟುಕೊಂಡು ಕಾಂಡೋಮ್ ಹಾಕುವ ಬಗೆ ತೋರಿಸುವುದು, ಬಿಳಿಸೆರಗು, ಹುಣ್ಣು, ಉರಿಮೂತ್ರದ ಬಗ್ಗೆ ನೇರವಾಗಿ ಕೇಳುವುದು, ಕೇಳಿದ್ದನ್ನು ಹೊರಗೆ ಬಿಡದಿರುವುದು, ತನ್ನ ಕೈಮೀರಿದ್ದನ್ನು ದವಾಖಾನೆಗೆ ಕರೆದೊಯ್ಯುವುದು ಇವೇ ಅವರ ಕೌಶಲಗಳು. ಆನನ್ ವಿವರಿಸಿದ ನಾಲ್ಕು ಹಂತಗಳ ಪಕ್ಕ ಇವನ್ನಿಟ್ಟು ನೋಡಿದರೆ ಎರಡರ ನಡುವೆ ಹೋಲಿಕೆ ಎದ್ದು ಕಾಣುತ್ತದೆ. ಒಪ್ಪಿಗೆ, ಮಾಹಿತಿ, ಸಲಹೆ, ಮುಂದಕ್ಕೆ ಕಳಿಸುವುದು. ವಿಶ್ವವಿದ್ಯಾಲಯದ ಬಾಗಿಲು ಕಾಣದ ಹೆಂಗಸರು ಇದನ್ನು ಮುಧೋಳದ ಓಣಿಯಲ್ಲಿ ದಿನವೂ ಮಾಡಿದರು. ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚಕರ ಹುದ್ದೆಗಳು ಬಂದವು. ಪರೀಕ್ಷೆಗೆ ಬಂದವರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಗಂಡನ ಎದುರು ಹೇಳಲಾಗದ್ದನ್ನು ಹೆಂಡತಿಯಿಂದಲೂ ಹೆಂಡತಿಯ ಎದುರು ಹೇಳಲಾಗದ್ದನ್ನು ಗಂಡನಿಂದಲೂ ಕೇಳುವ ರೂಢಿ ತಾಲ್ಲೂಕು ಆಸ್ಪತ್ರೆಯ ಮಟ್ಟಕ್ಕೆ ಇಳಿಯಿತು. ಸರ್ಕಾರಿ ಆರೋಗ್ಯ ವ್ಯವಸ್ಥೆ ಇಂಥದೊಂದು ಕೋಣೆಗೆ ಜಾಗ ಮಾಡಿಕೊಟ್ಟಿತು ಎಂಬುದೇ ಸಣ್ಣ ಸಂಗತಿಯಲ್ಲ.

ಈ ಕಲಿಕೆಯ ಇನ್ನೊಂದು ಬೇರು ಗಡಿಯಾಚೆ ಇದೆ. ಸಾಂಗಲಿಯಲ್ಲಿ ಮೀನಾ ಸೇಶು ಅವರ ಸಂಗ್ರಾಮ್ ಸಂಸ್ಥೆ 1992ರಿಂದ ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸ ಮಾಡಿತು. 1996ರಲ್ಲಿ ಆ ಹೆಂಗಸರೇ ತಮ್ಮ ಪರಿಷತ್ತನ್ನು ಕಟ್ಟಿಕೊಂಡರು. ಅವರಲ್ಲಿ ಬಹಳಷ್ಟು ಮಂದಿ ಉತ್ತರ ಕರ್ನಾಟಕದ ಗಡಿ ಜಿಲ್ಲೆಗಳಿಂದ ಹೋದ, ಮನೆಯಲ್ಲಿ ಕನ್ನಡ ಮಾತಾಡುವ ದೇವದಾಸಿಯರು. ನಮ್ಮನ್ನು ಉದ್ಧರಿಸಬೇಡಿ, ನಮ್ಮ ಮಾತು ಕೇಳಿ ಎಂಬುದು ಅವರ ನಿಲುವಿನ ತಿರುಳಾಗಿತ್ತು. ಸಾಂಗಲಿ, ಮೀರಜ, ಜಮಖಂಡಿಗಳ ನಡುವೆ ಹೆಣ್ಣು ಕೊಟ್ಟು ತರುವುದು, ಕಬ್ಬು ಕಡಿಯಲು ಹೋಗುವುದು, ಜಾತ್ರೆಗೆ ಬರುವುದು ಹಿಂದಿನಿಂದಲೂ ಇದ್ದ ಬಳಕೆ. ರೋಗ ಆ ದಾರಿಯಲ್ಲೇ ಬಂದಿತು, ಅದನ್ನು ಎದುರಿಸುವ ಮಾತಿಗೂ ಅದೇ ದಾರಿ ತೆರೆದಿತ್ತು. ದಕ್ಷಿಣದ ರಾಜ್ಯಗಳಲ್ಲಿ 15ರಿಂದ 24 ವಯಸ್ಸಿನ ಗರ್ಭಿಣಿಯರಲ್ಲಿ ಎಚ್‌ಐವಿ ಪ್ರಮಾಣ 2000ದಲ್ಲಿ ಶೇ 1.7 ಇದ್ದದ್ದು 2004ಕ್ಕೆ ಶೇ 1.1ಕ್ಕೆ ಇಳಿಯಿತು ಎಂದು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆ ಹೇಳಿತು. ಈ ಇಳಿಕೆಯ ಶ್ರೇಯವನ್ನೆಲ್ಲ ಒಂದೇ ಕಾರ್ಯಕ್ರಮಕ್ಕೆ ಕೊಡಲಾಗದು. ಆದರೆ ಮಾತಾಡಿದ್ದರಿಂದ ಸಮಾಜ ಕೆಟ್ಟಿತು ಎನ್ನುವವರಿಗಂತೂ ಈ ಅಂಕಿಗಳು ಆಧಾರವಾಗುವುದಿಲ್ಲ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಅವರು ದೇಹವನ್ನೇ ಜೀವನೋಪಾಯ ಮಾಡಿಕೊಂಡಿದ್ದವರು, ಅವರಿಗೆ ಮಾತಾಡುವುದು ಕಷ್ಟವಾಗಲಿಲ್ಲ. ಬನಹಟ್ಟಿಯ ನೇಕಾರನ ಹೆಂಡತಿಗೂ ಬೀಳಗಿಯ ರೈತನಿಗೂ ಅದನ್ನು ಹೋಲಿಸುವುದು ಹೇಗೆ? ಎರಡು ಉತ್ತರಗಳಿವೆ. ಒಂದು, ಲೈಂಗಿಕ ಕಾರ್ಯಕರ್ತೆಗೆ ನಾಚಿಕೆಯಿಲ್ಲ ಎಂಬುದೇ ಅಪಚಾರದ ಊಹೆ. ಅವಳಿಗಿದ್ದ ಅಂಜಿಕೆ ನಮಗಿಂತ ಹೆಚ್ಚಿನದು: ಪೊಲೀಸರದು, ಊರವರದು, ಮಕ್ಕಳ ಶಾಲೆಯವರದು. ತರಬೇತಿ ಬೇಕಾದದ್ದೇ ಅದಕ್ಕೆ. ಎರಡು, ಮಾತಾಡಿದವರು ಅವರಷ್ಟೇ ಅಲ್ಲ. ಮೇಲೆ ಹೇಳಿದ ಜಿಲ್ಲಾ ಸಮೀಕ್ಷೆ ನಡೆದದ್ದು ಸಾಮಾನ್ಯ ಸಂಸಾರಸ್ಥರ ನಡುವೆ. ಹಳ್ಳಿ, ಪಟ್ಟಣಗಳ ಸಾವಿರಾರು ಗಂಡಸರು, ಹೆಂಗಸರು ತಮ್ಮ ಲೈಂಗಿಕ ವರ್ತನೆಯ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದರು, ರಕ್ತದ ಮಾದರಿಯನ್ನೂ ಕೊಟ್ಟರು. ಅವರು ಹೇಳಿದ್ದರಲ್ಲಿ ಒಂದಷ್ಟು ಮುಚ್ಚುಮರೆ ಇದ್ದೀತು. ಆದರೆ ಬಾಗಿಲು ಹಾಕಿಕೊಳ್ಳಲಿಲ್ಲ. ಬಸಿರಿ ಹೆಂಗಸರಿಗೆ ಪರೀಕ್ಷೆಯ ಮೊದಲೂ ನಂತರವೂ ಆಪ್ತಸಮಾಲೋಚನೆ ನಡೆಯುವುದು ಇಂದಿಗೆ ಮಾಮೂಲಿ ಸಂಗತಿ. ಕೇಳುವವರಿಗೆ ಕೇಳುವ ಕ್ರಮ ತಿಳಿದಿದ್ದರೆ, ಗುಟ್ಟು ಉಳಿಯುತ್ತದೆಂಬ ಭರವಸೆ ಇದ್ದರೆ, ಹೇಳುವವರು ಹೇಳುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಜನ ಮಾತಾಡಿದ್ದು ಸಾವಿನ ಭಯಕ್ಕೆ; ಭಯವಿಲ್ಲದ ಕಡೆ, ಬರಿಯ ಸುಖದ ವಿಷಯಕ್ಕೆ ಯಾರು ಬಾಯಿ ಬಿಡುತ್ತಾರೆ? ಇದರಲ್ಲಿ ನಿಜವಿದೆ. ಎಚ್‌ಐವಿ ಕಾರ್ಯಕ್ರಮಗಳು ಲೈಂಗಿಕತೆಯನ್ನು ಅಪಾಯವೆಂದೇ ಕಂಡವು. ಕಾಂಡೋಮಿನ ಲೆಕ್ಕ, ತಪಾಸಣೆಯ ಲೆಕ್ಕ, ಸೋಂಕಿನ ಲೆಕ್ಕದಲ್ಲಿ ಮುಳುಗಿದವು. ಪ್ರೀತಿ, ಆಸೆ, ಒಂಟಿತನಗಳಿಗೆ ಆ ನಮೂನೆಗಳಲ್ಲಿ ಕಾಲಂ ಇರಲಿಲ್ಲ. ಈ ಮಿತಿ ಕ್ಷೇತ್ರದಲ್ಲೇ ಬಯಲಾಯಿತು ಎಂಬುದು ಗಮನಿಸಬೇಕಾದ ಸಂಗತಿ. ಗಿರಾಕಿಯೊಂದಿಗೆ ಕಾಂಡೋಮ್ ಬಳಸುವ ಹೆಂಗಸು ತನ್ನ ಪ್ರೀತಿಯವನೊಂದಿಗೆ ಬಳಸುತ್ತಿರಲಿಲ್ಲ. ಅವನು ಹೊಡೆದರೂ ಅದನ್ನು ಸಂಬಂಧದ ಭಾಗವೆಂದೇ ತಿಳಿಯುತ್ತಿದ್ದಳು. ಇದನ್ನು ಎದುರಿಸಲೆಂದೇ ಮುಧೋಳ, ಜಮಖಂಡಿ ಭಾಗದ 47 ಹಳ್ಳಿಗಳಲ್ಲಿ ಸಂವೇದನಾ ಪ್ಲಸ್ ಎಂಬ ಪ್ರಯೋಗ ನಡೆಯಿತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಲಂಡನ್ನಿನ ಸಂಶೋಧಕರ ಜೊತೆಗೆ ಸ್ಥಳೀಯ ಹೆಂಗಸರದೇ ಆದ ಚೈತನ್ಯ ಮಹಿಳಾ ಸಂಘವೂ ಅದರ ಪಾಲುದಾರ. ಹೆಂಗಸರೊಂದಿಗೆ ಮಾತ್ರವಲ್ಲ, ಅವರ ಸಂಗಾತಿ ಗಂಡಸರೊಂದಿಗೂ ಕೂತು ಪ್ರೀತಿ, ನಂಬಿಕೆ, ಹಿಂಸೆಗಳ ಬಗ್ಗೆ ಮಾತಾಡುವ ಕೆಲಸ ಅದು. ಹಿಂಸೆ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಹಿಂಸೆಯನ್ನು ಒಪ್ಪಿಕೊಳ್ಳುವ ಮನೋಭಾವ ಮಾತ್ರ ಕಡಿಮೆಯಾಯಿತು. ಈ ಫಲಿತಾಂಶವನ್ನು ಹಿಗ್ಗಿಸಿ ಹೇಳಬಾರದು. ಇದರಿಂದ ಸಿಗುವ ಪಾಠ ಎರಡು. ಭಯ ಹಿಂದೆ ಸರಿದ ಮೇಲೂ ಇಲ್ಲಿ ಮಾತು ನಿಲ್ಲಲಿಲ್ಲ, ಪ್ರೀತಿಯವರೆಗೆ ಬೆಳೆಯಿತು. ಅಲ್ಲದೆ, ರೋಗ ತಡೆಯುವ ಯೋಜನೆಯೊಂದೇ ಈ ಮಾತಿನ ಭಾರವನ್ನು ಹೊರಲಾರದು. ದಿನದ ಬದುಕನ್ನೇ ತನ್ನ ವಿಷಯವಾಗಿಸಿಕೊಂಡ ವಿದ್ಯೆಯೊಂದು ಅದಕ್ಕೆ ಹೆಗಲು ಕೊಡಬೇಕು.

ಆ ವಿದ್ಯೆ ಯಾವುದು ಎಂದು ಹುಡುಕಿದಾಗ ಆಕ್ಯುಪೇಷನಲ್ ಥೆರಪಿ ಎದುರಾಗುತ್ತದೆ. ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳು ನೇಕಾರರ ಊರುಗಳು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಬಾಗಿ ಕೂರುವವರ ಬೆನ್ನು, ಸೊಂಟ, ಮೊಣಕಾಲು ಸವೆಯುತ್ತವೆ. ಸುತ್ತಲಿನ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಅಪಘಾತ, ಮನೆ ಕಟ್ಟುವಾಗಿನ ಬೀಳುವಿಕೆ ಬೆನ್ನುಹುರಿ ಮುರಿಯುವ ಕಾರಣಗಳು. ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಗಂಡಸಿಗೆ ಗಾಲಿಕುರ್ಚಿ ಕೊಟ್ಟು, ಮೂತ್ರದ ನಳಿಕೆ ಹಾಕಿಕೊಳ್ಳುವುದನ್ನು ಕಲಿಸಿ ಮನೆಗೆ ಕಳಿಸಿದರೆ ಅರ್ಧ ಕೆಲಸವಾಯಿತು. ಅವನ ಹೆಂಡತಿ ಈಗ ಹೆಂಡತಿಯೋ ದಾದಿಯೋ ಎಂಬ ತೊಳಲಾಟಕ್ಕೆ ಸಿಲುಕುತ್ತಾಳೆ. ಆ ನಳಿಕೆ ಇದ್ದಾಗ ಕೂಡಬಹುದೇ, ಕಾಲು ಸೆಟೆದುಕೊಂಡರೆ ಏನು ಮಾಡಬೇಕು, ಯಾವ ಭಂಗಿಗೆ ದಿಂಬಿನ ಆಸರೆ ಬೇಕು, ಸ್ಪರ್ಶ ಉಳಿದಿರುವ ಭಾಗಗಳು ಯಾವುವು, ಮಕ್ಕಳಾಗುವ ಸಾಧ್ಯತೆ ಇದೆಯೇ, ಯಾವ ವೈದ್ಯರನ್ನು ಕಾಣಬೇಕು? ಪಾರ್ಶ್ವವಾಯು ಆದವರಿಗೆ ಮತ್ತೆ ಹೊಡೆಯುತ್ತದೇನೋ ಎಂಬ ಅಂಜಿಕೆ. ಸಂಧಿವಾತದ ಹೆಂಗಸಿಗೆ ನೋವು ಕಡಿಮೆ ಇರುವ ಹೊತ್ತು ಯಾವುದೆಂಬ ಪ್ರಶ್ನೆ. ಮಗ್ಗ ಮತ್ತು ಮನೆ ಒಂದೇ ಸೂರಿನಡಿ ಇರುವಲ್ಲಿ ಏಕಾಂತ ಹೊಂದಿಸುವುದೇ ಒಂದು ಸಮಸ್ಯೆ. ದೇಹದ ಬಲ, ಮನೆಯ ವಿನ್ಯಾಸ, ದಿನದ ವೇಳೆ ಈ ಮೂರನ್ನೂ ಕೂಡಿಸಿ ಯೋಚಿಸಲು ತರಬೇತಾದವರು ಥೆರಪಿಸ್ಟರೇ. ಬೇರೆ ಯಾರೂ ಈ ಪ್ರಶ್ನೆಗಳ ಇಷ್ಟು ಹತ್ತಿರ ಕೂತಿರುವುದಿಲ್ಲ.

ಕಾನೂನೂ ಈಗ ಈ ಕಡೆ ನಿಂತಿದೆ. ಆದರೆ ಅಲ್ಲಿಗೆ ಬರುವ ದಾರಿ ಕಹಿಯಾದದ್ದು. 1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ಆಶ್ರಯಗೃಹದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶವನ್ನು ಸಾಸೂನ್ ಆಸ್ಪತ್ರೆಯಲ್ಲಿ ತೆಗೆಸಿದ ಪ್ರಕರಣ ದೇಶದಲ್ಲಿ ದೊಡ್ಡ ವಿವಾದವಾಯಿತು. ಮುಟ್ಟಿನ ಶುಚಿತ್ವ ನೋಡಿಕೊಳ್ಳಲಾಗದು ಎಂಬುದು ಅದಕ್ಕೆ ಕೊಟ್ಟ ಕಾರಣ. ಮುಟ್ಟಿನ ದಿನಗಳನ್ನು ನಿಭಾಯಿಸಲು ಕಲಿಸುವುದು ಆಕ್ಯುಪೇಷನಲ್ ಥೆರಪಿಯ ನೇರ ಕೆಲಸ; ಕಲಿಸುವ ಬದಲು ಅಂಗವನ್ನೇ ಕಿತ್ತರು. ಮರುವರ್ಷ ಬಂದ ಅಂಗವಿಕಲರ ಕಾಯ್ದೆ ಶಿಕ್ಷಣ, ಉದ್ಯೋಗ, ಓಡಾಟದ ಅನುಕೂಲಗಳ ಸುತ್ತ ಇತ್ತು. 2007ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಲೈಂಗಿಕ ಆರೋಗ್ಯವನ್ನೂ ಹಕ್ಕೆಂದು ಎಣಿಸಿತು. 2009ರಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬುದ್ಧಿಮಾಂದ್ಯವಿದೆ ಎಂಬ ಕಾರಣಕ್ಕೆ ಹೆಣ್ಣಿನ ಬಸಿರನ್ನು ಅವಳ ಇಚ್ಛೆಗೆ ವಿರುದ್ಧ ತೆಗೆಸುವಂತಿಲ್ಲ ಎಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಕಲಂ ಸಂತಾನ ಮತ್ತು ಕುಟುಂಬ ಯೋಜನೆಯ ಮಾಹಿತಿ ಪಡೆಯುವ ಹಕ್ಕನ್ನು ಕೊಟ್ಟು, ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ಕಳೆಯುವ ಚಿಕಿತ್ಸೆಯನ್ನು ನಿಷೇಧಿಸುತ್ತದೆ. 25ನೇ ಕಲಂ ಲೈಂಗಿಕ ಆರೋಗ್ಯದ ಸೇವೆಯನ್ನು ಹೆಸರಿಸುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಅವರಿಗೆ ಮಾಹಿತಿಯ ಹಕ್ಕಿದೆ ಎಂದ ಮೇಲೆ ಮಾಹಿತಿ ಕೊಡಬಲ್ಲವರನ್ನು ತಯಾರು ಮಾಡುವುದು ದಾನವಲ್ಲ, ಕರ್ತವ್ಯ.

ಸಂಸ್ಕೃತಿಯ ಹೆಸರಿನ ಆಕ್ಷೇಪವನ್ನೂ ಎದುರಿಸಬೇಕು. 2007ರಲ್ಲಿ, ಶಾಲೆಯಲ್ಲಿ ಲೈಂಗಿಕತೆಯ ಪಾಠ ಹೇಳುವ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅದೇ ಹೊತ್ತಿನಲ್ಲಿ ಬಾಗಲಕೋಟೆಯ ಹಳ್ಳಿಗಳಲ್ಲಿ ಅದೇ ವಿಷಯವನ್ನು ಹೆಂಗಸರು ಚಿತ್ರಪಟ ಹಿಡಿದು ಕಲಿಸುತ್ತಿದ್ದರು. ಸಂಸ್ಕೃತಿಯ ಆಕ್ಷೇಪಕ್ಕೆ ಉತ್ತರವಾಗಿ ಹನ್ನೊಂದನೇ ಶತಮಾನದ ಚಂದ್ರರಾಜನ ಕಾಮಶಾಸ್ತ್ರ ಗ್ರಂಥ ಮದನತಿಲಕವನ್ನು, ಗುಡಿಯ ಗೋಡೆಯ ಶಿಲ್ಪಗಳನ್ನು ತೋರಿಸುವುದು ರೂಢಿ. ಆ ವಾದದಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಅರಮನೆಯ ರಸಿಕತೆಗೂ ನೇಕಾರನ ಮನೆಯ ಕಷ್ಟಕ್ಕೂ ನಡುವೆ ದೂರ ಬಹಳ. ಹತ್ತಿರದ ಪರಂಪರೆ ಸಾಕು. 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಮುಂದಾಯಿತು. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ದಾಂಪತ್ಯ ದೀಪಿಕೆ, ಕೇಳು ಕಿಶೋರಿ ಪುಸ್ತಕಗಳನ್ನು ಬರೆದು ಕನ್ನಡದ ಹೆಣ್ಣುಮಕ್ಕಳಿಗೆ ಅವರ ದೇಹದ ವಿಷಯವನ್ನು ಗೌರವದಿಂದ ಹೇಳಿದರು. ಆ ಪುಸ್ತಕಗಳನ್ನು ಮನೆಮಂದಿ ಓದಿದರು. ಮದುವೆಯಲ್ಲಿ ಉಡುಗೊರೆಯಾಗಿ ಕೊಡಬಹುದಾದ ಪುಸ್ತಕಗಳೆಂಬ ಮನ್ನಣೆ ಅಂಥವಕ್ಕೆ ಸಿಕ್ಕಿತು. ಕನ್ನಡಕ್ಕೆ ಈ ಮಾತನ್ನು ಆಡುವ ಶಕ್ತಿ ಇದೆ. ಅಂಗವಿಕಲರನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಆಡುವ ಕೆಲಸ ಬಾಕಿಯಿದೆ.

ಇನ್ನೊಂದು ಚಿಂತೆ ವಿದ್ಯಾರ್ಥಿಗಳದು. ಇಪ್ಪತ್ತರ ಆಸುಪಾಸಿನ, ಹೆಚ್ಚಾಗಿ ಮದುವೆಯಾಗದ ಹುಡುಗಿಯರು ಅಪರಿಚಿತ ಗಂಡಸಿನೊಂದಿಗೆ ಇಂಥ ಮಾತಾಡಬೇಕೇ, ಅದು ಕಿರುಕುಳಕ್ಕೆ ದಾರಿಯಾಗದೇ ಎಂದು ತಂದೆತಾಯಿ ಕೇಳುವುದು ಸಹಜ. ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಆದರೆ ಮೌನ ಆ ಹುಡುಗಿಯನ್ನು ಕಾಯುವುದಿಲ್ಲ. ಸ್ನಾನ ಮಾಡಿಸುವಾಗ, ಮಂಚದಿಂದ ಕುರ್ಚಿಗೆ ದಾಟಿಸುವಾಗ ದೇಹಗಳು ಹತ್ತಿರವಾಗುತ್ತವೆ. ರೋಗಿಯ ದೇಹ ತಾನಾಗಿ ಸ್ಪಂದಿಸಿದಾಗ, ರೋಗಿ ಅಸಭ್ಯವಾಗಿ ಮಾತಾಡಿದಾಗ ಏನು ಮಾಡಬೇಕೆಂದು ಗೊತ್ತಿಲ್ಲದ ಹುಡುಗಿಯೇ ಹೆಚ್ಚು ಅಪಾಯದಲ್ಲಿರುತ್ತಾಳೆ. ಯಾವುದು ಚಿಕಿತ್ಸೆಯ ಪ್ರಶ್ನೆ, ಯಾವುದು ಗಡಿ ಮೀರಿದ ಮಾತು, ಯಾವಾಗ ಹಿರಿಯರನ್ನು ಕರೆಯಬೇಕು, ಯಾವಾಗ ಎದ್ದು ಬರಬೇಕು ಎಂಬುದನ್ನು ತರಬೇತಿ ಕಲಿಸುತ್ತದೆ. ಪೀರ್ ಎಜುಕೇಟರ್‌ಗಳ ಅನುಭವ ಇಲ್ಲೂ ದಾರಿ ತೋರುತ್ತದೆ: ಒಬ್ಬೊಬ್ಬರೇ ಹೋಗದಿರುವುದು, ಹೆಂಗಸರೊಡನೆ ಹೆಂಗಸರೇ ಮಾತಾಡುವ ಏರ್ಪಾಡು, ವಾರಕ್ಕೊಮ್ಮೆ ಕೂತು ಕಷ್ಟಗಳನ್ನು ಹಂಚಿಕೊಳ್ಳುವುದು. ರೋಗಿಗಳಿಗೂ ರಕ್ಷಣೆ ಬೇಕು. ಬುದ್ಧಿಮಾಂದ್ಯವಿರುವ ಹುಡುಗಿಗೆ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ, ಬೇಡ ಎನ್ನುವ ಬಗೆಯನ್ನು ಕಲಿಸಿದವರಿಲ್ಲದಿದ್ದರೆ ಅವಳ ಮೇಲಿನ ದೌರ್ಜನ್ಯ ಹೊರಬರುವುದೇ ಇಲ್ಲ. ಹದಿನೆಂಟರೊಳಗಿನವರ ವಿಷಯದಲ್ಲಿ ಪೋಕ್ಸೊ ಕಾಯ್ದೆ ದೂರು ಕೊಡುವುದನ್ನು ಕಡ್ಡಾಯ ಮಾಡಿದೆ. ಗುಟ್ಟು ಕಾಯುವುದು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ವಿದ್ಯಾರ್ಥಿ ತಿಳಿದಿರಬೇಕು.

ಪಿಂಚಣಿ, ಗಾಲಿಕುರ್ಚಿ, ಶೌಚಾಲಯ ಸಿಗದವರಿಗೆ ಇದು ಐಷಾರಾಮ ಎನ್ನುವವರಿದ್ದಾರೆ. ತಾಲ್ಲೂಕು ಮಟ್ಟದಲ್ಲಿ ಆಕ್ಯುಪೇಷನಲ್ ಥೆರಪಿಸ್ಟರು ಸಿಗುವುದೇ ಅಪರೂಪ ಎಂಬುದೂ ಸತ್ಯ. ಆದರೆ ಬಡವನಿಗೆ ಸಂಸಾರದ ಸುಖ ಎರಡನೆಯ ದರ್ಜೆಯ ಅಗತ್ಯ ಎಂದು ತೀರ್ಮಾನಿಸುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ. ಸಂಸಾರ ಮುರಿದ ಅಂಗವಿಕಲನಿಗೆ ನೋಡಿಕೊಳ್ಳುವ ಕೈಯೂ ತಪ್ಪಿಹೋಗುತ್ತದೆ. ಸುಖದ ಪ್ರಶ್ನೆ ಅಲ್ಲಿ ಅನ್ನದ ಪ್ರಶ್ನೆಯೇ ಆಗುತ್ತದೆ. ಥೆರಪಿಸ್ಟರು ಕಡಿಮೆ ಇರುವುದರಿಂದಲೇ ಕಲಿತ ಒಬ್ಬರು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಆಶಾ ಕಾರ್ಯಕರ್ತೆಯರಿಗೆ ಆನನ್ ಹೇಳಿದ ಮೊದಲೆರಡು ಹಂತಗಳನ್ನು ಕಲಿಸಬಲ್ಲವರಾಗಿರಬೇಕು. ಎಚ್‌ಐವಿ ಕಾರ್ಯಕ್ರಮ ವೈದ್ಯರ ಕೊರತೆಯನ್ನು ಎದುರಿಸಿದ್ದು ಹೀಗೆಯೇ. ಆ ಕಾರ್ಯಕ್ರಮದ ದೊಡ್ಡ ದೌರ್ಬಲ್ಯವನ್ನೂ ನೆನಪಿಡಬೇಕು: ಯೋಜನೆಯ ಅವಧಿ ಮುಗಿದಾಗ ಹಣ ಹೋಗುತ್ತದೆ, ಹಣದ ಜೊತೆ ಕೆಲಸಗಾರರು ಚದುರುತ್ತಾರೆ, ಕಲಿತದ್ದು ವರದಿಗಳಲ್ಲಿ ಉಳಿಯುತ್ತದೆ. ಪಠ್ಯಕ್ರಮಕ್ಕೆ ಸೇರಿದ ವಿದ್ಯೆ ಮಾತ್ರ ಒಂದು ತಲೆಮಾರಿನಿಂದ ಮುಂದಿನದಕ್ಕೆ ದಾಟುತ್ತದೆ. 2021ರಲ್ಲಿ ಬಂದ ರಾಷ್ಟ್ರೀಯ ಸಹವೈದ್ಯಕೀಯ ಆಯೋಗದ ಕಾಯ್ದೆ ಆಕ್ಯುಪೇಷನಲ್ ಥೆರಪಿಯನ್ನು ತನ್ನ ವ್ಯಾಪ್ತಿಗೆ ತಂದು ಶಿಕ್ಷಣದ ಮಟ್ಟ ನಿಗದಿಪಡಿಸುವ ಹೊಣೆ ಹೊತ್ತಿದೆ. ಬದಲಾವಣೆಗೆ ಇದು ತಕ್ಕ ಹೊತ್ತು.

ಹಾಗಾದರೆ ಮಾಡಬೇಕಾದದ್ದು ಸ್ಪಷ್ಟ. ಲೈಂಗಿಕ ಬದುಕಿನ ಪಾಠ ಒಂದು ಅತಿಥಿ ಉಪನ್ಯಾಸದಲ್ಲಿ ಮುಗಿಯದೆ, ಬೆನ್ನುಹುರಿ, ಪಾರ್ಶ್ವವಾಯು, ಬುದ್ಧಿಮಾಂದ್ಯ, ಮಾನಸಿಕ ಅನಾರೋಗ್ಯದ ಪ್ರತಿಯೊಂದು ಪಾಠದೊಳಗೂ ಇರಬೇಕು. ವಿದ್ಯಾರ್ಥಿ ಮೊದಲು ಕನ್ನಡದಲ್ಲಿ, ಎದುರಿನವರ ಆಡುಮಾತಿನಲ್ಲಿ, ಕೀಳಾಗದಂತೆ ಕೇಳುವುದನ್ನು ಅಭ್ಯಾಸ ಮಾಡಬೇಕು. ಸ್ವತಃ ಅಂಗವೈಕಲ್ಯದೊಂದಿಗೆ ಸಂಸಾರ ನಡೆಸಿದವರು ತರಗತಿಗೆ ಗುರುಗಳಾಗಿ ಬರಬೇಕು. ಇವರ ಜೊತೆ ಇನ್ನೊಂದು ಗುರುವೃಂದವನ್ನೂ ಕರೆಯಬೇಕು. ಮುಧೋಳ, ಜಮಖಂಡಿಗಳ ಓಣಿಗಳಲ್ಲಿ ಇಪ್ಪತ್ತು ವರ್ಷ ಈ ಮಾತಿನ ಕಸುಬು ಮಾಡಿದ, ಇಂದು ವಯಸ್ಸಾಗುತ್ತಿರುವ ಹೆಂಗಸರು ನಮ್ಮ ನಡುವೆಯೇ ಇದ್ದಾರೆ. ನಾಚಿಕೆಯಿಂದ ತಲೆತಗ್ಗಿಸಿದವರ ಬಾಯಿಂದ ಮಾತು ಹೊರಡಿಸುವುದು ಹೇಗೆ, ಕೇಳಿದ್ದನ್ನು ಎದೆಯಲ್ಲೇ ಇಟ್ಟುಕೊಳ್ಳುವುದು ಹೇಗೆ, ಎಲ್ಲಿಗೆ ನಿಲ್ಲಿಸಿ ಯಾರ ಬಳಿ ಕಳಿಸುವುದು ಎಂಬುದನ್ನು ಅವರಷ್ಟು ಬಲ್ಲವರು ಈ ರಾಜ್ಯದ ಕಾಲೇಜುಗಳಲ್ಲಿ ಹೆಚ್ಚು ಮಂದಿ ಇರಲಾರರು. ಸಮಾಜ ಯಾರ ದೇಹವನ್ನು ಅವಮಾನಿಸಿತೋ ಅವರನ್ನು ಗೌರವಧನ ಕೊಟ್ಟು, ಕುರ್ಚಿ ಕೊಟ್ಟು, ಉಪಾಧ್ಯಾಯಿನಿಯರೆಂದು ಕರೆಸಿಕೊಳ್ಳುವುದು ಬರಿಯ ಪ್ರಾಯಶ್ಚಿತ್ತವಲ್ಲ. ಶಿಕ್ಷಣದ ದೃಷ್ಟಿಯಿಂದಲೂ ಅದೇ ಸರಿಯಾದ ಆಯ್ಕೆ. ನಮ್ಮ ಜನ ಸಿದ್ಧರಿಲ್ಲ ಎಂಬ ಮಾತನ್ನು ಈ ತಾಲ್ಲೂಕುಗಳು ತಮ್ಮ ಕೆಲಸದಿಂದ ಸುಳ್ಳು ಮಾಡಿ ಆಗಿದೆ. ಇನ್ನು ಸಿದ್ಧರಾಗಬೇಕಾದವರು ಪಠ್ಯಕ್ರಮ ಬರೆಯುವವರು.